ಗ್ರಾಫೀನ್ ಚಿಪ್ಪಿನ ಮೇಲೆ ಪ್ರೊಟೀನ್ ಕೂರಿಸುವುದು ಹೇಗೆ: ಮಡಿಕೇರಿಯ ಮಳೆಗಾಲದಲ್ಲಿ ಕಲಿತ ಕ್ರಮ

ಕಕ್ಕಡ ತಿಂಗಳಲ್ಲಿ ಮಡಿಕೇರಿಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಂಥದೊಂದು ವಾರದಲ್ಲಿ ನಾನು ಒಂದಾದ ಮೇಲೊಂದರಂತೆ ಒಂಬತ್ತು ಗ್ರಾಫೀನ್ ಚಿಪ್ ಹಾಳುಮಾಡಿದೆ. ಇಂಗಾಲದ ತೆಳು ಹಾಳೆಯ ಮೇಲೆ ಪ್ರೊಟೀನ್ ಕೂರಿಸಿ ರೋಗಾಣು ಪತ್ತೆಮಾಡುವ ಚಿಪ್ ಅವು. ಚಿಪ್ ಚೆನ್ನಾಗಿತ್ತು, ಕೂರಿಸಬೇಕಾದ ಪ್ರೊಟೀನ್, ಅಂದರೆ ಆಂಟಿಬಾಡಿ, ಹೊಸದು, ಬಫರಿನ ಪಿಎಚ್ ಎರಡೆರಡು ಸಲ ನೋಡಿದ್ದೆ. ಆದರೂ ಪ್ರೊಟೀನ್ ಕೂರಲೊಲ್ಲದು. ಕೊನೆಗೆ ಕೈಗೆ ಸಿಕ್ಕ ಕಳ್ಳ ಫ್ರೀಜರಿನಲ್ಲಿದ್ದ ಒಂದು ಪುಟ್ಟ ಸೀಸೆ, ಪ್ರೊಟೀನನ್ನು ಗ್ರಾಫೀನಿಗೆ ಅಂಟಿಸುವ ಪುಡಿಯದು. ತಣ್ಣಗಿದ್ದಾಗಲೇ ಅದರ ಮುಚ್ಚಳ ತೆಗೆಯುತ್ತಿದ್ದೆ. ಹೊರಗಿನ ತೇವವೆಲ್ಲ ಒಳಗಿನ ಪುಡಿಯ ಮೇಲೆ ಇಬ್ಬನಿಯಾಗಿ ಇಳಿಯುತ್ತಿತ್ತು, ಪುಡಿ ದಿನದಿನಕ್ಕೆ ಸಾಯುತ್ತಿತ್ತು. ಅದನ್ನು ಸರಿಪಡಿಸಿ ಹತ್ತನೆಯ ಚಿಪ್ಪಿಗೆ ಹೋದರೆ ಇನ್ನೊಂದು ಎಡವಟ್ಟು: ಈ ಸಲ ಪ್ರೊಟೀನಿನ ಹನಿಯೇ ಒಣಗಿಹೋಯಿತು.

ಆಗ ತಲೆಗೆ ಹತ್ತಿದ್ದು ಇಷ್ಟು. ಈ ಕೆಲಸದ ಮೊದಲರ್ಧದಲ್ಲಿ ನೀರು ಹತ್ತಿರ ಸುಳಿಯಬಾರದು, ಎರಡನೆಯ ಅರ್ಧದಲ್ಲಿ ನೀರು ಆರಬಾರದು. ಮುಂದೆ ಬರೆದಿರುವುದನ್ನು ಈ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಸಣ್ಣ ಕಾಲೇಜಿನ ಲ್ಯಾಬಿನಲ್ಲಿ, ಬೇರೆಲ್ಲೋ ತಯಾರಾದ ಚಿಪ್ ಇಟ್ಟುಕೊಂಡು ಕೆಲಸ ಮಾಡುವ ಎಂ.ಎಸ್ಸಿ. ಹುಡುಗರಿಗೆ, ನನ್ನಂಥ ಉಪನ್ಯಾಸಕರಿಗೆ ಇದು. ಚಿಪ್ಪನ್ನೇ ಮಾಡಬೇಕೆಂದರೆ ಧೂಳು ಸುಳಿಯದ ಕೋಣೆ, ಕ್ಲೀನ್‌ರೂಮ್ ಬೇಕು, ಅದು ನಮ್ಮಲ್ಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಹೊರಗಿನ ಸಂಶೋಧಕರಿಗೂ ಬಾಗಿಲು ತೆರೆಯುವ ಯೋಜನೆ ಇದೆ, ಇಂಡಿಯನ್ ನ್ಯಾನೊಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಎಂದು. ಇಲ್ಲವೆಂದರೆ ತಯಾರಾದ ಚಿಪ್ ಕೊಳ್ಳಬಹುದು.

ನಾನು ಉದಾಹರಣೆಗೆ ಇಟ್ಟುಕೊಂಡದ್ದು ಏಲಕ್ಕಿಯ ಕಟ್ಟೆ ರೋಗ. ಗಿಡಹೇನಿನಿಂದ ಹರಡುವ ವೈರಸ್ ಅದು, ರೋಗವಿರುವ ಬುಡದಿಂದ ಕಿತ್ತ ಕಂದಿನ ಜೊತೆಗೂ ಹೊಸ ತೋಟಕ್ಕೆ ಹೋಗುತ್ತದೆ. ನಮ್ಮ ಮನೆಯ ಹಿಂದಿನ ತೋಟದವರು ಒಮ್ಮೆ ಕೇಳಿದರು: "ಅಲ್ಲ ಮೇಡಂ, ಕಟ್ಟೆ ಬಂದಿದೆಯೋ ಇಲ್ಲವೋ ಎಲೆ ನೋಡಿದರೇ ಗೊತ್ತಾಗಲ್ವಾ? ಇದಕ್ಕೆ ಚಿಪ್ ಯಾಕೆ?" ಎಲೆಯ ಮೇಲೆ ತಿಳಿಹಸಿರು ಗೆರೆ ಏಳುವ ಹೊತ್ತಿಗೆ ಹೇನು ಪಕ್ಕದ ಬುಡಕ್ಕೆ ಹೋಗಿ ಆಗಿರುತ್ತದಲ್ಲ ಅಣ್ಣ, ಎಂದೆ. "ಅದೂ ಹೌದೇ" ಎಂದು ಒಂದು ಎಲೆ ಕಿತ್ತು ಕೈಗಿಟ್ಟರು. ಲ್ಯಾಬಿನಲ್ಲಿ ಮಾಡುವ ಎಲೈಸಾ (ಆಂಟಿಬಾಡಿಯಿಂದ ವೈರಸ್ ಹಿಡಿಯುವುದು), ಆರ್‌ಟಿ-ಪಿಸಿಆರ್ (ವೈರಸ್ಸಿನ ಆರ್‌ಎನ್‌ಎ ಹುಡುಕುವುದು) ಪರೀಕ್ಷೆಗಳು ಇದನ್ನು ಈಗಲೂ ಹಿಡಿಯುತ್ತವೆ. ಚಿಪ್ಪಿನ ಆಸೆ ಇರುವುದು ತೋಟದ ಬದಿಯಲ್ಲೇ ನಿಮಿಷಗಳಲ್ಲಿ ಉತ್ತರ ಸಿಗಲೆಂದು. ವೈರಸ್ಸಿನ ಹೊರಕವಚದ ಪ್ರೊಟೀನನ್ನು ಹಿಡಿಯುವ ಆಂಟಿಬಾಡಿಯನ್ನು ಗ್ರಾಫೀನ್ ಮೇಲೆ ಕೂರಿಸಬೇಕು, ಅಷ್ಟೇ ಕೆಲಸ. ನಿಮ್ಮ ಪ್ರೊಟೀನ್ ಬೇರೆಯಾಗಿದ್ದರೂ ಕ್ರಮ ಇದೇ.

ಚಿಪ್ಪಿನೊಳಗೆ ಏನಾಗುತ್ತದೆ

ಟ್ರಾನ್ಸಿಸ್ಟರಿನಲ್ಲಿ ಸೋರ್ಸ್, ಡ್ರೈನ್ ಎಂಬ ಎರಡು ಲೋಹದ ತುದಿಗಳು. ನಡುವೆ ಕರೆಂಟ್ ಹರಿಯುವ ಕಾಲುವೆ ನಮ್ಮ ಗ್ರಾಫೀನ್, ಅಂದರೆ ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ. ಎಲ್ಲ ಪರಮಾಣುಗಳೂ ಮೇಲ್ಮೈಯಲ್ಲೇ ಇರುವುದರಿಂದ ಹತ್ತಿರ ಬಂದ ಸಣ್ಣ ವಿದ್ಯುದಂಶವೂ ಕರೆಂಟನ್ನು ಅಲುಗಿಸುತ್ತದೆ. ದ್ರವದಲ್ಲಿ ಅದ್ದಿದ ಟ್ರಾನ್ಸಿಸ್ಟರಿನಿಂದ ಅಯಾನು ಅಳೆಯಬಹುದೆಂದು ಡಚ್ ವಿಜ್ಞಾನಿ ಬರ್ಗ್‌ವೆಲ್ಡ್ 1970ರಲ್ಲೇ ತೋರಿಸಿದ್ದರು. ಆಗಿನದು ಸಿಲಿಕಾನ್. 2001ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಹೊಂಗ್‌ಜೀ ಡೈ ಅವರ ತಂಡ ಕಾರ್ಬನ್ ನ್ಯಾನೊಟ್ಯೂಬಿನ (ಗ್ರಾಫೀನ್ ಹಾಳೆಯನ್ನೇ ಸುರುಳಿ ಸುತ್ತಿದಂಥ ಕೊಳವೆಯ) ಗೋಡೆಗೆ ಪೈರೀನ್ ಎಂಬ ಅಣುವಿನ ಮೂಲಕ ಪ್ರೊಟೀನ್ ಅಂಟಿಸಿತು. ನಾವು ಇವತ್ತು ಮಾಡುವುದು ಬಹುಮಟ್ಟಿಗೆ ಅದನ್ನೇ, ಗ್ರಾಫೀನ್ ಮೇಲೆ.

ಪೈರೀನ್ ಎಂದರೆ ನಾಲ್ಕು ಬೆಂಜೀನ್ ಉಂಗುರ ಒತ್ತಾಗಿ ಸೇರಿದ ಚಪ್ಪಟೆ ಅಣು. ಗ್ರಾಫೀನ್ ಕೂಡ ಅಂಥವೇ ಉಂಗುರಗಳ ಹಾಸು, ಹಾಗಾಗಿ ಒಂದರ ಮೇಲೊಂದು ಚಪ್ಪಟೆಯಾಗಿ ಕೂತು ಹಿಡಿದುಕೊಳ್ಳುತ್ತವೆ. ಕಾಳುಮೆಣಸಿನ ಬಳ್ಳಿ ಸಿಲ್ವರ್ ಓಕ್ ಮರವನ್ನು ಹಿಡಿದಿರುವ ಹಾಗೆ: ಅಂಟುಬೇರು ತೊಗಟೆಗೆ ಕಚ್ಚಿರುತ್ತದೆ, ಮರಕ್ಕೆ ಮೊಳೆ ಹೊಡೆದಿರುವುದಿಲ್ಲ. ಮೊಳೆ ಹೊಡೆಯುವ ದಾರಿಯೂ ಇದೆ, ಡಯಜೋನಿಯಂ ಲವಣದಿಂದ ಇಂಗಾಲಕ್ಕೆ ನೇರ ರಾಸಾಯನಿಕ ಬಂಧ ಹಾಕುವುದು. ಗಟ್ಟಿ ನಿಲ್ಲುತ್ತದೆ, ಆದರೆ ಪ್ರತಿ ಬಂಧವೂ ಹಾಳೆಯಲ್ಲಿ ಒಂದು ದೋಷ, ಕರೆಂಟಿಗೆ ಒಂದು ಅಡ್ಡಿ. ಹೊಸಬರಿಗೆ ನಾನು ಬಳ್ಳಿಯ ದಾರಿಯನ್ನೇ ಹೇಳುವುದು.

ನಾವು ಬಳಸುವ ಪುಡಿಯ ಪೂರ್ತಿ ಹೆಸರು 1-ಪೈರೀನ್‌ಬ್ಯುಟನೋಯಿಕ್ ಆಸಿಡ್ ಸಕ್ಸಿನಿಮಿಡೈಲ್ ಎಸ್ಟರ್. ಲ್ಯಾಬಿನಲ್ಲಿ ಪಿಬೇಸ್ ಎನ್ನುತ್ತೇವೆ. ಒಂದು ತುದಿಯಲ್ಲಿ ಪೈರೀನ್, ಇನ್ನೊಂದರಲ್ಲಿ ಎನ್‌ಎಚ್‌ಎಸ್ ಎಸ್ಟರ್ ಎಂಬ ಕೊಕ್ಕೆ. ಪ್ರೊಟೀನಿನ ಲೈಸೀನ್‌ಗಳಲ್ಲಿರುವ ಅಮೀನ್ ಗುಂಪು ಸಿಕ್ಕರೆ ಈ ಕೊಕ್ಕೆ ಹಿಡಿದು ಅಮೈಡ್ ಬಂಧ ಹಾಕುತ್ತದೆ. ನೀರು ಸಿಕ್ಕರೂ ಹಿಡಿಯುತ್ತದೆ, ಆಮೇಲೆ ಅದು ಕೊಕ್ಕೆಯಾಗಿ ಉಳಿಯುವುದಿಲ್ಲ. ನನ್ನ ಒಂಬತ್ತು ಚಿಪ್ ಹೋದದ್ದು ಇಲ್ಲೇ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಪಿಬೇಸ್, ನೀರಿಲ್ಲದ ಡಿಎಂಎಫ್ ದ್ರಾವಕ, ಎಥನಾಲ್, ಪಿಬಿಎಸ್ ಬಫರ್ (ಪಿಎಚ್ ಜಾರದಂತೆ ಕಾಯುವ ಫಾಸ್ಫೇಟ್ ಬೆರೆತ ಉಪ್ಪುನೀರು), ಎಥನಾಲ್‌ಅಮೀನ್, ಟ್ವೀನ್-20 ಎಂಬ ಸೋಪಿನಂಥ ದ್ರವ, ಆಂಟಿಬಾಡಿ. ಅಳತೆಗೆ ಎರಡು ಚಾನೆಲಿನ ಸೋರ್ಸ್‌ಮೀಟರ್ (ವೋಲ್ಟ್ ಕೊಟ್ಟು ಕರೆಂಟ್ ಅಳೆಯುವ ಯಂತ್ರ) ಮತ್ತು ಸಿಲ್ವರ್/ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್. ದ್ರವದ ಮೂಲಕ ಗ್ರಾಫೀನಿನ ಕರೆಂಟನ್ನು ಹತೋಟಿಯಲ್ಲಿಡುವ ಈ ಮೂರನೆಯ ತುದಿಗೆ ಗೇಟ್ ಎನ್ನುತ್ತಾರೆ. ಬಂಗಾರದ ತಂತಿಯನ್ನೇ ಗೇಟಾಗಿ ಬಳಸಬಹುದೆಂದು ಕೆಲವರು ಹೇಳುತ್ತಾರೆ. ಬಳಸಿ ನೋಡಿದ್ದೇನೆ, ರೀಡಿಂಗ್ ಜಾರುತ್ತ ಹೋಗುತ್ತದೆ, ಬೇಡ. ಚಿಪ್ಪಿನ ಮೇಲೆ ಹನಿ ನಿಲ್ಲಿಸಲು 3 ಮಿಲಿಮೀಟರ್ ಅಗಲದ ತೂತಿರುವ ಪಿಡಿಎಂಎಸ್ ರಬ್ಬರ್ ತುಂಡು.

ಡೆಸಿಕೇಟರ್, ಅಂದರೆ ಒಳಗಿನ ತೇವ ಹೀರಿ ಒಣಗಿಸಿಡುವ ಮುಚ್ಚಿದ ಪಾತ್ರೆ, ಒಂದಲ್ಲ, ಎರಡಿರಲಿ. ಮಳೆಗಾಲದಲ್ಲಿ ನೀಲಿ ಸಿಲಿಕಾ ಜೆಲ್ ಇಲ್ಲಿ ಕೆಲವೇ ದಿನಗಳಲ್ಲಿ ಗುಲಾಬಿಗೆ ತಿರುಗುತ್ತದೆ. ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಒಂದು ಕಾಯುತ್ತಿರುವಾಗ ಇನ್ನೊಂದು ಕೆಲಸಕ್ಕಿರಬೇಕು.

ಡಿಎಂಎಫ್ ಬಗ್ಗೆ ಎಚ್ಚರ. ಯಕೃತ್ತಿಗೆ ಹಾನಿ, ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ, ಸಾಮಾನ್ಯ ನೈಟ್ರೈಲ್ ಕೈಗವಸನ್ನು ಬೇಗ ದಾಟುತ್ತದೆ. ಬ್ಯೂಟೈಲ್ ಗವಸು ಹಾಕಿ, ಹುಡ್ ಒಳಗೇ ಕೆಲಸ ಮಾಡಿ, ಗರ್ಭಿಣಿಯರು ಈ ಹಂತವನ್ನು ಬೇರೆಯವರಿಗೆ ಬಿಡಿ. ಇನ್ನೊಂದು ಮಾತು: ಪ್ಲಾಸ್ಟಿಕ್ ಪೆಟ್ರಿ ಡಿಶ್ ಸಾಮಾನ್ಯವಾಗಿ ಪಾಲಿಸ್ಟೈರೀನ್, ಡಿಎಂಎಫ್‌ನಲ್ಲಿ ಅದು ಬೆಲ್ಲದ ಹಾಗೆ ಕರಗುತ್ತದೆ. ಗಾಜಿನದೇ ಬೇಕು. ಹಾಗೆಯೇ ಚಿಪ್ಪಿನ ಲೋಹದ ಗೆರೆಗಳ ಮೇಲೆ ಪಿಎಂಎಂಎ ಎಂಬ ಪ್ಲಾಸ್ಟಿಕ್ಕಿನ ಹೊದಿಕೆ ಇದ್ದರೆ ಡಿಎಂಎಫ್ ಮುಟ್ಟಿಸಬೇಡಿ, ಹೊದಿಕೆ ಹೋಗುತ್ತದೆ. ಆಗ ಮೆಥನಾಲಿನಲ್ಲಿ 1 ಮಿಲಿಮೋಲಾರ್ ಪಿಬೇಸ್ ಮಾಡಿಕೊಳ್ಳಿ. ಚಿಪ್ ಕಳಿಸಿದವರನ್ನು ಹೊದಿಕೆ ಯಾವುದೆಂದು ಮೊದಲೇ ಕೇಳಿಡಿ.

ಮೊದಲ ಅಳತೆ

ಏನನ್ನೂ ಹಚ್ಚುವ ಮೊದಲು ಚಿಪ್ ಹೇಗಿದೆಯೆಂದು ನೋಡಬೇಕು. ಆಮೇಲೆ ಅಳೆದದ್ದು ಯಾವುದಕ್ಕೆ ಹೋಲಿಸಿ ಎಂಬ ಪ್ರಶ್ನೆಗೆ ಇದೊಂದೇ ಉತ್ತರ. ತೂತಿನಲ್ಲಿ ತೆಳು ಮಾಡಿದ ಪಿಬಿಎಸ್ ತುಂಬಿ, ಡ್ರೈನಿಗೆ 50 ಮಿಲಿವೋಲ್ಟ್ ಕೊಟ್ಟು, ಗೇಟನ್ನು ಮೈನಸ್ 0.3ರಿಂದ 0.6 ವೋಲ್ಟ್ ತನಕ ನಿಧಾನಕ್ಕೆ ಏರಿಸಿ, ಇಳಿಸಿ. ಅದಕ್ಕಿಂತ ಮೇಲೆ ಹೋದರೆ ಗೇಟಿನಿಂದ ದ್ರವಕ್ಕೆ ಕರೆಂಟ್ ಸೋರತೊಡಗುತ್ತದೆ, ಗ್ರಾಫೀನಿಗೂ ಒಳ್ಳೆಯದಲ್ಲ.

ಗೇಟ್ ವೋಲ್ಟೇಜಿಗೆ ಡ್ರೈನ್ ಕರೆಂಟ್ ಎಷ್ಟೆಂದು ಬರೆದ ಗ್ರಾಫ್ ಇಂಗ್ಲಿಷಿನ 'ವಿ' ಅಕ್ಷರದಂತೆ ಬರಬೇಕು. ತಳದ ಬಿಂದುವಿಗೆ ಡಿರಾಕ್ ಬಿಂದು ಎಂದು ಹೆಸರು. ನಮ್ಮ ಇಡೀ ಕತೆ ಆ ಬಿಂದು ಎಡಕ್ಕೆ ಸರಿಯಿತೋ ಬಲಕ್ಕೆ ಸರಿಯಿತೋ ಎನ್ನುವುದರಲ್ಲಿದೆ. ಹೀಗೆ ಹತ್ತು ಸಲ ಏರಿಸಿ ಇಳಿಸಿ. ಮೊದಲ ಮೂರು ನಾಲ್ಕರಲ್ಲಿ ಬಿಂದು ಓಡಾಡುವುದು ಸಹಜ, ಆಮೇಲೂ ನಿಲ್ಲದಿದ್ದರೆ ಆ ಚಿಪ್ ಪಕ್ಕಕ್ಕಿಡಿ. ಗೇಟ್ ಸೋರಿಕೆ ನ್ಯಾನೊಆಂಪಿಯರಿನಲ್ಲಿರಬೇಕು, ಡ್ರೈನ್ ಕರೆಂಟ್ ಮೈಕ್ರೊಆಂಪಿಯರಿನಲ್ಲಿ. ಎರಡೂ ಹತ್ತಿರ ಬಂದರೆ ಹೊದಿಕೆಯಲ್ಲಿ ಎಲ್ಲೋ ಬಿರುಕಿದೆ.

ಈ ಬಫರನ್ನು ಒಂದು ಲೀಟರ್ ಮಾಡಿ ಹೆಸರು ಬರೆದಿಡಿ. ಮುಂದೆ ಅಳೆಯುವಾಗಲೆಲ್ಲ ಇದರಲ್ಲೇ ಅಳೆಯಬೇಕು. ಪಿಎಚ್ ಅಥವಾ ಉಪ್ಪು ತುಸು ಬದಲಾದರೂ ಡಿರಾಕ್ ಬಿಂದು ಸರಿಯುತ್ತದೆ, ನೀವು ಅದನ್ನು ಪ್ರೊಟೀನ್ ಕೂತ ಗುರುತೆಂದು ತಿಳಿದು ಖುಷಿಪಡುತ್ತೀರಿ.

ಜನವರಿಯ ಚಳಿಯಲ್ಲಿ ನೈಲಾನ್ ಸ್ವೆಟರ್ ಹಾಕಿಕೊಂಡು ಚಿಪ್ ಮುಟ್ಟಬೇಡಿ. ನಮ್ಮ ವಿದ್ಯಾರ್ಥಿನಿಯೊಬ್ಬಳು ಸ್ವೆಟರ್ ಬಿಚ್ಚಿ ಪಕ್ಕಕ್ಕಿಟ್ಟು ನೇರ ಚಿಮಟದಿಂದ ಚಿಪ್ ಎತ್ತಿದಳು. ಮೈಯಲ್ಲಿ ಕೂಡಿದ್ದ ಸ್ಥಾಯೀ ವಿದ್ಯುತ್ತು ಚಟ್ ಎಂದದ್ದು ನನಗೇ ಕೇಳಿಸಿತು. ನಾಲ್ಕು ಟ್ರಾನ್ಸಿಸ್ಟರ್ ಒಟ್ಟಿಗೆ ಹೋದವು. "ಮ್ಯಾಮ್, ನಾನೇನೂ ಮಾಡ್ಲಿಲ್ಲ" ಎಂದಳು ಪಾಪ. ಮಾಡಿರಲಿಲ್ಲ ನಿಜ. ಅಂದಿನಿಂದ ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಕಟ್ಟದೆ ಯಾರೂ ಕೈ ಹಾಕುವಂತಿಲ್ಲ.

ತೊಳೆಯುವುದು

ತಯಾರಿಕೆಯಲ್ಲಿ ಬಳಸಿದ ರೆಸಿಸ್ಟ್ ಪಾಲಿಮರ್ ತೆಳುವಾಗಿ ಗ್ರಾಫೀನ್ ಮೇಲೆ ಉಳಿದಿರುತ್ತದೆ, ಪೈರೀನ್ ಕೂರಬೇಕಾದ ಜಾಗವನ್ನು ಅದು ಮೊದಲೇ ಹಿಡಿದುಕೊಂಡಿರುತ್ತದೆ. ಹೊದಿಕೆ ತಡೆಯುವುದಾದರೆ ಅಸಿಟೋನಿನಲ್ಲಿ ಹತ್ತು ನಿಮಿಷ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಐದು ನಿಮಿಷ ಅದ್ದಿಟ್ಟು ನೈಟ್ರೋಜನ್ನಿನಿಂದ ಮೆಲ್ಲಗೆ ಒಣಗಿಸಿ. ಆರ್ಗಾನ್-ಹೈಡ್ರೋಜನ್ ಕುಲುಮೆ ಸಿಗುವವರು ಹೊದಿಕೆ, ರಬ್ಬರ್ ಯಾವುದೂ ಇಲ್ಲದ ಚಿಪ್ಪನ್ನು 300 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಇನ್ನೂ ಚೊಕ್ಕ. ಶಬ್ದದ ಅಲೆಯಿಂದ ಅಲುಗಿಸಿ ತೊಳೆಯುವ ಸೋನಿಕೇಟರಿಗೆ ಹಾಕಬೇಡಿ, ಹಾಳೆ ಎದ್ದು ಬರುತ್ತದೆ. ಗಾಜು ತೊಳೆಯಲು ಒಳ್ಳೆಯದೆಂದು ಆಕ್ಸಿಜನ್ ಪ್ಲಾಸ್ಮಾಕ್ಕಂತೂ ಕೊಡಲೇಬೇಡಿ. ಅದು ಗ್ರಾಫೀನನ್ನು ಸುಟ್ಟು ಗಾಳಿಗೆ ಸೇರಿಸಿಬಿಡುತ್ತದೆ, ಬೇಡದ ಜಾಗದಿಂದ ಗ್ರಾಫೀನ್ ತೆಗೆಯಲು ಬಳಸುವುದೇ ಅದನ್ನು.

ಲಿಂಕರ್ (ಕೊಂಡಿಯಾಗುವ ಪಿಬೇಸ್): ನೀರು ಸುಳಿಯಬಾರದ ಭಾಗ

ಪಿಬೇಸ್ ಸೀಸೆಯನ್ನು ಫ್ರೀಜರಿನಿಂದ ತೆಗೆದು, ಮುಚ್ಚಳ ಮುಟ್ಟದೆ, ಡೆಸಿಕೇಟರಿನೊಳಗೆ ಒಂದು ಗಂಟೆ ಬಿಡಿ. ಹೊರಗಿನ ಗಾಜು ಮುಟ್ಟಿದಾಗ ತಣ್ಣಗಿರಬಾರದು. ಈಗ ತೆರೆಯಿರಿ. ಪಿಬೇಸ್‌ನ ಅಣುತೂಕ ಸುಮಾರು 385, ಅಂದರೆ 5 ಮಿಲಿಮೋಲಾರ್ ದ್ರಾವಣಕ್ಕೆ ಮಿಲಿಲೀಟರಿಗೆ 1.93 ಮಿಲಿಗ್ರಾಂ. 5 ಮಿಲಿಲೀಟರ್ ಬೇಕೆಂದರೆ 9.6 ಮಿಲಿಗ್ರಾಂ ತೂಗಿ. ನಾನೀಗ ಒಂದು ಒಣದಿನ ನೋಡಿ ಇಡೀ ಸೀಸೆಯನ್ನು ಒಮ್ಮೆಗೇ ಹತ್ತು ಹತ್ತು ಮಿಲಿಗ್ರಾಂ ಪೊಟ್ಟಣ ಮಾಡಿ ಪುಟ್ಟ ಸೀಸೆಗಳಲ್ಲಿ ಮುಚ್ಚಿಡುತ್ತೇನೆ. ಒಂದು ಸಲಕ್ಕೆ ಒಂದು ಸೀಸೆ, ಉಳಿದದ್ದು ಮತ್ತೆ ಒಳಗೆ ಹೋಗುವುದಿಲ್ಲ.

ಡಿಎಂಎಫ್ ಕೂಡ ಗಾಳಿಯ ತೇವ ಹೀರುತ್ತದೆ. ತೇವ ಹೀರುವ ಮಾಲಿಕ್ಯುಲರ್ ಸೀವ್ ಮಣಿ ಹಾಕಿದ, ರಬ್ಬರ್ ಮುಚ್ಚಳದ ಸೀಸೆಯಿಂದ ಸಿರಿಂಜಿನಲ್ಲಿ ಎಳೆದುಕೊಳ್ಳಿ. ಗಾಜಿನ ಡಿಶ್‌ನಲ್ಲಿ ಚಿಪ್ ಮುಳುಗುವಷ್ಟು ದ್ರಾವಣ, ಮೇಲೆ ಗಾಜಿನ ಮುಚ್ಚಳ, ಬೆಳಕು ಬೀಳದಂತೆ ಫಾಯಿಲ್. ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆ. ರಾತ್ರಿಯಿಡೀ ಬಿಟ್ಟರೆ ಹೆಚ್ಚು ಕೂರುತ್ತದೆಂದು ಒಮ್ಮೆ ಬಿಟ್ಟಿದ್ದೆ. ಹೆಚ್ಚು ಕೂತದ್ದು ಒಂದರ ಮೇಲೊಂದು ರಾಶಿಯಾಗಿ, ಆಮೇಲೆ ಅಳತೆಯ ನಡುವೆ ಉದುರುತ್ತ ಬಂತು. ಎರಡು ಗಂಟೆ ಸಾಕು.

ತೆಗೆದ ಕೂಡಲೇ ತಾಜಾ ಡಿಎಂಎಫ್‌ನಲ್ಲಿ ಮೂರು ಸಲ, ಎಥನಾಲಿನಲ್ಲಿ ಎರಡು ಸಲ ಜಾಲಾಡಿ, ನೈಟ್ರೋಜನ್ ಊದಿ. ಗ್ರಾಫೀನಿಗೆ ಅಂಟದೆ ಸುಮ್ಮನೆ ಕೂತ ಪಿಬೇಸ್ ಇಲ್ಲಿ ಹೋಗಬೇಕು, ಇಲ್ಲದಿದ್ದರೆ ಆಂಟಿಬಾಡಿ ಅದನ್ನು ಹಿಡಿದು ಅದರ ಜೊತೆಗೇ ತೇಲಿಹೋಗುತ್ತದೆ. ಈಗ ಕೊಕ್ಕೆಗಳೆಲ್ಲ ಮೇಲ್ಮುಖವಾಗಿ ತೆರೆದು ನಿಂತಿವೆ. ಟೀ ಕುಡಿಯಲು ಹೋಗುವ ಸಮಯ ಇದಲ್ಲ. ಆಂಟಿಬಾಡಿ ಮೊದಲೇ ಸಿದ್ಧವಿರಬೇಕು.

ಆಂಟಿಬಾಡಿ: ನೀರು ಆರಬಾರದ ಭಾಗ

ಆಂಟಿಬಾಡಿ ಬಂದ ಸೀಸೆಯ ಲೇಬಲ್ ಓದಿ. ಬಫರಿಗೆಂದು ಹಾಕುವ ಟ್ರಿಸ್ ಅಥವಾ ಗ್ಲೈಸೀನ್ ಇದ್ದರೆ ಅವುಗಳಲ್ಲೂ ಅಮೀನ್ ಇದೆ. ಆಂಟಿಬಾಡಿಗಿಂತ ಸಾವಿರಾರು ಪಟ್ಟು ಹೆಚ್ಚು ಸಂಖ್ಯೆಯಲ್ಲಿರುವ ಆ ಪುಟಾಣಿ ಅಣುಗಳು ಎಲ್ಲ ಕೊಕ್ಕೆಯನ್ನೂ ಮೊದಲೇ ತುಂಬಿಬಿಡುತ್ತವೆ. ಸಣ್ಣ ಅಣುಗಳನ್ನು ತಡೆದು ಪ್ರೊಟೀನನ್ನು ಮಾತ್ರ ಬಿಡುವ ಡೀಸಾಲ್ಟಿಂಗ್ ಕಾಲಮ್ಮಿನಲ್ಲಿ ತಿರುಗಿಸಿ ಪಿಬಿಎಸ್‌ಗೆ ಬದಲಿಸಿಕೊಳ್ಳಿ. ಬಿಎಸ್‌ಎ (ದನದ ರಕ್ತದ ಪ್ರೊಟೀನ್) ಸೇರಿಸಿದ್ದರೆ ಮಾತ್ರ ಕಾಲಮ್ಮಿನಿಂದ ಹೋಗದು, ಅದೂ ದೊಡ್ಡ ಪ್ರೊಟೀನೇ. ಕೊಳ್ಳುವಾಗಲೇ ಬಿಎಸ್‌ಎ ಇಲ್ಲದ್ದು ಬೇಕೆಂದು ಬರೆದು ಕೇಳಬೇಕು.

ಪಿಎಚ್ ಎಷ್ಟಿರಬೇಕೆಂಬುದರಲ್ಲಿ ಎಳೆದಾಟವಿದೆ. ಪಿಎಚ್ ಏರಿದಷ್ಟೂ ಲೈಸೀನಿನ ಅಮೀನ್ ಚುರುಕಾಗುತ್ತದೆ, ಹಾಗೆಯೇ ನೀರು ಕೊಕ್ಕೆಯನ್ನು ಕೊಲ್ಲುವುದೂ ಚುರುಕಾಗುತ್ತದೆ. ಎನ್‌ಎಚ್‌ಎಸ್ ಎಸ್ಟರಿನ ಅರ್ಧಾಯುಷ್ಯ ಪಿಎಚ್ 7ರಲ್ಲಿ, 0 ಡಿಗ್ರಿಯಲ್ಲಿ ನಾಲ್ಕೈದು ಗಂಟೆ. ಪಿಎಚ್ 8.6ರಲ್ಲಿ, 4 ಡಿಗ್ರಿಯಲ್ಲಿ ಹತ್ತೇ ನಿಮಿಷ. ನಾನು 7.4ರಲ್ಲಿ ನಿಲ್ಲುತ್ತೇನೆ.

ಎಷ್ಟು ಪ್ರೊಟೀನ್ ಬೇಕು? ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿದರೆ ದುಡ್ಡು ಉಳಿಯುತ್ತದೆ. ಮಿಲಿಲೀಟರಿಗೆ 50 ಮೈಕ್ರೊಗ್ರಾಂ ಇರುವ ದ್ರಾವಣದ 20 ಮೈಕ್ರೊಲೀಟರ್ ಹನಿಯಲ್ಲಿ 1 ಮೈಕ್ರೊಗ್ರಾಂ ಆಂಟಿಬಾಡಿ. ಸಾಮಾನ್ಯ ಆಂಟಿಬಾಡಿಯಾದ ಐಜಿಜಿಯ ಅಣುತೂಕ 1,50,000. ಅಂದರೆ ಹನಿಯಲ್ಲಿ ಸುಮಾರು 4 ಲಕ್ಷ ಕೋಟಿ ಅಣುಗಳು. 3 ಮಿಲಿಮೀಟರ್ ಅಗಲದ ತೂತಿನ ತಳ 7 ಚದರ ಮಿಲಿಮೀಟರ್. ಒಂದೊಂದು ಆಂಟಿಬಾಡಿ 100 ಚದರ ನ್ಯಾನೊಮೀಟರ್ ಜಾಗ ಹಿಡಿದರೂ ತಳ ತುಂಬಲು ಸುಮಾರು 7,000 ಕೋಟಿ ಸಾಕು. ಬೇಕಾದ್ದಕ್ಕಿಂತ ಐವತ್ತು ಪಟ್ಟು ಹೆಚ್ಚಿದೆ! ಎಲ್ಲವೂ ತಳಕ್ಕೆ ತಲುಪುವುದಿಲ್ಲ ಎನ್ನುವುದೂ ನಿಜ. ಇಷ್ಟು ದೊಡ್ಡ ಅಣು ತನ್ನಷ್ಟಕ್ಕೆ ಅಲೆದು ಒಂದು ಗಂಟೆಯಲ್ಲಿ ಸಾಗುವುದು ಅರ್ಧ ಮಿಲಿಮೀಟರ್, ಹನಿಯ ಎತ್ತರ ಮೂರರ ಹತ್ತಿರ. ಆದರೂ ತಳದ ಅರ್ಧ ಮಿಲಿಮೀಟರಿನಲ್ಲಿರುವವೇ ಹತ್ತು ಪದರಕ್ಕೆ ಸಾಕು. ಹಾಗಾಗಿ ಸಾಂದ್ರತೆ ಏರಿಸಿ ಪ್ರಯೋಜನವಿಲ್ಲ, ಎರಡು ಗಂಟೆ ತಾಳ್ಮೆಯಿಂದ ಬಿಡಿ.

ಆ ಎರಡು ಗಂಟೆ ಹನಿ ಆರಬಾರದು. ಮಳೆಗಾಲವಲ್ಲವೇ, ಎಲ್ಲಿ ಆರುತ್ತದೆ ಎಂದುಕೊಂಡೇ ನನ್ನ ಹತ್ತನೆಯ ಚಿಪ್ಪನ್ನು ತೆರೆದಿಟ್ಟಿದ್ದೆ. ಮೇಲುಗಡೆ ಡಿಹ್ಯೂಮಿಡಿಫೈಯರ್ ಓಡುತ್ತಿತ್ತು. ಪಿಬೇಸ್‌ಗಾಗಿ ನಾನೇ ಹಚ್ಚಿದ್ದು, ಆರಿಸಲು ಮರೆತಿದ್ದೆ. ಬಂದು ನೋಡಿದರೆ ತೂತಿನಂಚಿನಲ್ಲಿ ಉಪ್ಪಿನ ಬಿಳಿ ಬಳೆ, ನಡುವೆ ಒಣಗಿದ ಪ್ರೊಟೀನ್. ಒಣಗಿದ ಆಂಟಿಬಾಡಿ ತನ್ನ ಮಡಿಕೆ ಕಳೆದುಕೊಳ್ಳುತ್ತದೆ, ಆಮೇಲೆ ಎಷ್ಟು ನೀರು ಹಾಕಿದರೂ ಅದು ಹಿಂದಿನ ಆಂಟಿಬಾಡಿ ಆಗುವುದಿಲ್ಲ. ಈಗ ಮಾಡುವುದು ಹೀಗೆ: ದೊಡ್ಡ ಗಾಜಿನ ಡಿಶ್‌ನ ಅಂಚಿಗೆ ನೆನೆಸಿದ ಟಿಶ್ಯೂ, ನಡುವೆ ಚಿಪ್, ಮೇಲೆ ಮುಚ್ಚಳ, ಸುತ್ತ ಪ್ಯಾರಾಫಿಲ್ಮ್. ಹಬೆ ಇಲ್ಲದ ಇಡ್ಲಿ ಪಾತ್ರೆ ಎಂದುಕೊಳ್ಳಿ. ಇಲ್ಲಿಂದ ಮುಂದೆ ಚಿಪ್ ಒಂದು ಕ್ಷಣವೂ ಒಣಗಬಾರದು. ತೊಳೆಯುವಾಗ ಹನಿಯನ್ನು ಪೂರ್ತಿ ಎಳೆಯದೆ, ಅರ್ಧ ತೆಗೆದು ಅರ್ಧ ಹಾಕುತ್ತ ಏಳೆಂಟು ಸಲ ಪಿಬಿಎಸ್ ಬದಲಿಸಿ.

ನಮ್ಮೂರಿನ ಕರೆಂಟಿನ ಕತೆ ಗೊತ್ತಲ್ಲ. ಮರ ಬಿದ್ದರೆ ಎರಡು ದಿನ. ಆಂಟಿಬಾಡಿಯನ್ನು ಬಂದ ದಿನವೇ 10 ಮೈಕ್ರೊಲೀಟರಿನ ಪಾಲು ಮಾಡಿ ಮೈನಸ್ 20ರಲ್ಲಿಡಿ, ಫ್ರೀಜರಿನ ಖಾಲಿ ಜಾಗಕ್ಕೆಲ್ಲ ಐಸ್ ಪ್ಯಾಕ್ ತುಂಬಿ. ಕರಗಿ ಮತ್ತೆ ಹೆಪ್ಪುಗಟ್ಟಿದ ಪಾಲನ್ನು ಬಳಸಬೇಡಿ.

ಲೈಸೀನ್ ಆಂಟಿಬಾಡಿಯ ಮೈತುಂಬ ಇರುವುದರಿಂದ ಯಾವ ಬದಿ ಮೇಲಾಗಿ ಕೂರುತ್ತದೆಂದು ಹೇಳಲಾಗದು, ಕೆಲವು ತಲೆಕೆಳಗಾಗಿಯೂ ಕೂರುತ್ತವೆ. ನೀವೇ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಪ್ರೊಟೀನಾದರೆ ಅದರ ಬಾಲಕ್ಕೆ ಆರು ಹಿಸ್ಟಿಡಿನ್ ಸೇರಿಸಿ, ಪೈರೀನ್-ಎನ್‌ಟಿಎ (ಕೊಕ್ಕೆಯ ಬದಲು ಲೋಹ ಹಿಡಿಯುವ ತುದಿಯಿರುವ ಪೈರೀನ್) ಮತ್ತು ನಿಕ್ಕಲ್ ಮೂಲಕ ಒಂದೇ ದಿಕ್ಕಿಗೆ ನಿಲ್ಲಿಸಬಹುದು. ಆ ದಾರಿ ಹಿಡಿದರೆ ಬಫರಿನಲ್ಲಿ ಇಡಿಟಿಎ ಇರಲೇಬಾರದು, ನಿಕ್ಕಲನ್ನು ಕಿತ್ತುಕೊಂಡು ಹೋಗುತ್ತದೆ.

ಉಳಿದ ಕೊಕ್ಕೆಗಳನ್ನು ಮುಚ್ಚುವುದು

100 ಮಿಲಿಮೋಲಾರ್ ಎಥನಾಲ್‌ಅಮೀನ್, ಅರ್ಧ ಗಂಟೆ. 100 ಮಿಲಿಲೀಟರಿಗೆ 0.6 ಮಿಲಿಲೀಟರ್ ಸಾಕು, ಆದರೆ ಅದು ಬಲು ಕ್ಷಾರೀಯ, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 8.5ಕ್ಕೆ ಇಳಿಸಿಯೇ ಹಾಕಬೇಕು. ನಂತರ 0.05 ಶೇಕಡಾ ಟ್ವೀನ್-20 ಸೇರಿಸಿದ ಪಿಬಿಎಸ್ ಹತ್ತು ನಿಮಿಷ, ಬರಿದಾಗಿ ಉಳಿದ ಗ್ರಾಫೀನ್ ಮೇಲೆ ಕಂಡಕಂಡ ಪ್ರೊಟೀನ್ ಬಂದು ಕೂರದಿರಲೆಂದು. ಬಿಎಸ್‌ಎ ಕೂಡ ಇದೇ ಕೆಲಸಕ್ಕೆ ಆಗುತ್ತದೆ, ಆದರೆ ಅದರ ದಪ್ಪ ಪದರದ ಮೇಲೆ ನಿಮ್ಮ ಸಿಗ್ನಲ್ ಇನ್ನಷ್ಟು ದೂರವಾಗುತ್ತದೆ. ನನಗೆ ಟ್ವೀನ್ ಒಗ್ಗಿದೆ.

ನಿಜವಾಗಿ ಕೂತಿದೆಯೇ?

ಒಂದು ಚಿಪ್ ಮಾಡಿ ಡಿರಾಕ್ ಬಿಂದು ಸರಿದದ್ದು ತೋರಿಸಿ "ಕೂತಿದೆ" ಎನ್ನುವವರನ್ನು ನಾನು ನಂಬುವುದಿಲ್ಲ. ನಾನೂ ಹಾಗೆ ಹೇಳಿಕೊಂಡು ತಿರುಗಿದವಳೇ. ಪ್ರತಿ ಸಲವೂ ನಾಲ್ಕು ಚಿಪ್ ಜೊತೆಗೆ ಓಡಬೇಕು. ಒಂದಕ್ಕೆ ಎಲ್ಲ ಹಂತ. ಇನ್ನೊಂದಕ್ಕೆ ಪಿಬೇಸ್ ಬಿಟ್ಟು ಉಳಿದೆಲ್ಲ, ಸುಮ್ಮನೆ ಅಂಟುವ ಪ್ರೊಟೀನ್ ಎಷ್ಟೆಂದು ಅದು ಹೇಳುತ್ತದೆ. ಮೂರನೆಯದಕ್ಕೆ ಪಿಬೇಸ್ ಹಾಕಿ ನೇರ ಎಥನಾಲ್‌ಅಮೀನ್. ನಾಲ್ಕನೆಯದಕ್ಕೆ ಕಟ್ಟೆ ವೈರಸ್ಸಿಗೆ ಸಂಬಂಧವೇ ಇಲ್ಲದ ಬೇರೊಂದು ಆಂಟಿಬಾಡಿ. ಈ ನಾಲ್ಕನೆಯದನ್ನು ಉಳಿತಾಯದ ಹೆಸರಲ್ಲಿ ಬಿಡುವವರೇ ಹೆಚ್ಚು, ಸತ್ಯ ಹೇಳುವುದೂ ಅದೇ.

ಪಿಬೇಸ್ ಕೂತಾಗ ನಮ್ಮ ಚಿಪ್‌ಗಳಲ್ಲಿ ಡಿರಾಕ್ ಬಿಂದು ಬಲಕ್ಕೆ ಸರಿಯುತ್ತದೆ. ಲೇಸರ್ ಬೆಳಕು ಚದುರುವುದನ್ನು ಅಳೆಯುವ ರಾಮನ್ ಯಂತ್ರ ಎಲ್ಲಾದರೂ ಸಿಕ್ಕರೆ 1350, 1580, 2700 cm⁻¹ ಆಸುಪಾಸಿನ ಮೂರು ಶಿಖರ ನೋಡಿ. 1350ರದು ದೋಷದ ಶಿಖರ. ಬಳ್ಳಿಯ ದಾರಿಯಲ್ಲಿ ಅದು ಹೆಚ್ಚುಕಮ್ಮಿ ಇದ್ದಂತೆಯೇ ಇರಬೇಕು. ಎದ್ದಿದ್ದರೆ ತೊಳೆಯುವಾಗ ಹಾಳೆಗೆ ಪೆಟ್ಟಾಗಿದೆ. ಹೊಳೆಯುವ ಬಣ್ಣ ಕಟ್ಟಿದ ಆಂಟಿಬಾಡಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಒಂದು ಎಚ್ಚರಿಕೆ: ಗ್ರಾಫೀನ್ ತನ್ನ ಹತ್ತಿರದ ಬಣ್ಣದ ಹೊಳಪನ್ನು ನುಂಗುತ್ತದೆ. ಮಂಕಾಗಿ ಕಂಡಿತೆಂದು ಪ್ರೊಟೀನ್ ಇಲ್ಲವೆಂದುಕೊಳ್ಳಬೇಡಿ.

ಅಳೆಯುವಾಗ ಉಪ್ಪಿನ ಲೆಕ್ಕ

ಎಲ್ಲ ಸರಿಯಾಗಿದ್ದೂ ಸಿಗ್ನಲ್ ಬಾರದಿದ್ದರೆ ಮೊದಲ ಅನುಮಾನ ಉಪ್ಪಿನ ಮೇಲಿರಲಿ. ಉಪ್ಪುನೀರಿನ ಅಯಾನುಗಳು ಯಾವ ವಿದ್ಯುದಂಶವನ್ನೂ ಸುತ್ತುವರಿದು ಮರೆಮಾಡುತ್ತವೆ. ಆ ಮರೆಯಾಚೆಗೆ ಗ್ರಾಫೀನಿಗೆ ಏನೂ ಕಾಣದು. ಎಷ್ಟು ದೂರ ಕಾಣುತ್ತದೆ ಎನ್ನುವುದಕ್ಕೆ ಡಿಬೈ ಉದ್ದ ಎನ್ನುತ್ತಾರೆ: 0.304ನ್ನು ಅಯಾನು ಬಲದ ವರ್ಗಮೂಲದಿಂದ ಭಾಗಿಸಿದರೆ ನ್ಯಾನೊಮೀಟರಿನಲ್ಲಿ ಸಿಗುತ್ತದೆ. ಪೂರ್ತಿ ಬಲದ ಪಿಬಿಎಸ್‌ನಲ್ಲಿ ಅದು 0.8, ಹತ್ತು ಪಟ್ಟು ತೆಳು ಮಾಡಿದರೆ 2.5, ನೂರು ಪಟ್ಟು ಮಾಡಿದರೆ ಸುಮಾರು 8. ಆಂಟಿಬಾಡಿಯ ಎತ್ತರವೇ 10 ನ್ಯಾನೊಮೀಟರ್ ಹತ್ತಿರ, ಅದರ ತುದಿಯಲ್ಲಿ ವೈರಸ್ ಕೂತರೆ ಪೂರ್ತಿ ಪಿಬಿಎಸ್‌ನಲ್ಲಿ ಗ್ರಾಫೀನಿಗೆ ಅದರ ಸುಳಿವೇ ಇಲ್ಲ. ಮಾಕುಟ್ಟ ಘಾಟಿಯ ಮಂಜಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು ಹೋದ ಹಾಗೆ.

ಹಾಗೆಂದು ನೂರು ಪಟ್ಟು ತೆಳು ಬಫರಿನಲ್ಲೇ ಎಲ್ಲ ಮಾಡಿದರೆ ಇನ್ನೊಂದು ತೊಂದರೆ. ಅದರಲ್ಲಿ ಫಾಸ್ಫೇಟ್ 0.1 ಮಿಲಿಮೋಲಾರ್ ಮಾತ್ರ, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದರೂ ಪಿಎಚ್ ಜಾರುತ್ತದೆ. ನಾವು ಕಂಡುಕೊಂಡ ನಡುದಾರಿ: ಹಿಡಿಯುವ ಕೆಲಸ ಪೂರ್ತಿ ಪಿಬಿಎಸ್‌ನಲ್ಲಿ ಅರ್ಧ ಗಂಟೆ, ಆಮೇಲೆ ತೊಳೆದು, ಆಗಷ್ಟೇ ಸುರಿದ ತೆಳು ಬಫರಿನಲ್ಲಿ ಅಳತೆ. ಪೂರ್ತಿ ಆಂಟಿಬಾಡಿಯ ಬದಲು 15,000 ಅಣುತೂಕದ ನ್ಯಾನೊಬಾಡಿ (ಆಂಟಿಬಾಡಿಯ ಹಿಡಿಯುವ ತುಂಡಷ್ಟೇ) ಸಿಗುವವರು ಅದನ್ನೇ ಕೂರಿಸಿ, ವೈರಸ್ ಗ್ರಾಫೀನಿಗೆ ಅಷ್ಟು ಹತ್ತಿರ ಬರುತ್ತದೆ.

ಮೊದಲು ಶುದ್ಧ ವೈರಸ್ ಪ್ರೊಟೀನಿನಿಂದ ಶುರುಮಾಡಿ, ಕಡಿಮೆ ಸಾಂದ್ರತೆಯಿಂದ ಹೆಚ್ಚಿಗೆ, ಪ್ರತಿ ಸಲ ಹತ್ತು ಪಟ್ಟು. ಮೊದಲ ಹನಿಗೆ ಮುಂಚೆ ಬರೀ ಬಫರಿನಲ್ಲಿ ಅರ್ಧ ಗಂಟೆ ನೋಡಿ ಜಾರಿಕೆ ಎಷ್ಟೆಂದು ಬರೆದಿಡಿ. ಯುಪಿಎಸ್ ಮೇಲೆ ಓಡಿಸುವಾಗ ಮುಖ್ಯ ಕರೆಂಟಿನಿಂದ ಇನ್ವರ್ಟರಿಗೆ ಬದಲಾದ ನಿಮಿಷವನ್ನೂ ಬರೆದಿಡಿ, ಆ ಜಾಗದಲ್ಲಿ ಗ್ರಾಫ್ ಜಿಗಿದಿದ್ದರೆ ಅದು ವೈರಸ್ಸಲ್ಲ. ಸಿಗ್ನಲ್ ಏರಿ ಏರಿ ಒಂದು ಮಟ್ಟದಲ್ಲಿ ನಿಲ್ಲಬೇಕು. ಅದರ ಅರ್ಧದಷ್ಟು ಸಿಗ್ನಲ್ ಬರುವ ಸಾಂದ್ರತೆ ಆಂಟಿಬಾಡಿಯ ಹಿಡಿತದ ಅಳತೆ. ಎಲೈಸಾದಲ್ಲಿ ಅದೇ ಆಂಟಿಬಾಡಿ ತೋರಿಸಿದ್ದಕ್ಕೂ ಇದಕ್ಕೂ ಸಾವಿರ ಪಟ್ಟು ವ್ಯತ್ಯಾಸವಿದ್ದರೆ ಸಂಭ್ರಮಿಸುವ ಮೊದಲು ನಾಲ್ಕನೆಯ ಚಿಪ್ ನೋಡಿ. ಅದರಲ್ಲೂ ಸಿಗ್ನಲ್ ಏರಿದ್ದರೆ ನೀವು ಅಳೆಯುತ್ತಿರುವುದು ವೈರಸ್ಸನ್ನಲ್ಲ, ಸುಮ್ಮನೆ ಬಂದು ಅಂಟಿದ ಪ್ರೊಟೀನನ್ನು.

ಕೊನೆಗೆ ಎಲೆಯ ರಸ

ಏಲಕ್ಕಿ ಎಲೆ ಅರೆದ ರಸ ಕೆಲವೇ ನಿಮಿಷದಲ್ಲಿ ಕಂದಾಗುತ್ತದೆ. ಅದರಲ್ಲಿರುವ ಪಾಲಿಫಿನಾಲ್‌ಗಳು ಗಾಳಿ ತಾಗಿ ಕೆಟ್ಟು ಕಂಡದ್ದಕ್ಕೆಲ್ಲ ಅಂಟುತ್ತವೆ, ಗ್ರಾಫೀನಿಗಂತೂ ಪ್ರೀತಿಯಿಂದ. ಎಲೈಸಾ ಮಾಡುವವರು ಅರೆಯುವ ಬಫರಿಗೆ ಸೋಡಿಯಂ ಸಲ್ಫೈಟ್, ಪಾಲಿಫಿನಾಲ್ ಹಿಡಿದಿಡುವ ಪಿವಿಪಿ ಪಾಲಿಮರ್, ಟ್ವೀನ್ ಸೇರಿಸುತ್ತಾರೆ. ಅದನ್ನೇ ಇಲ್ಲೂ ಮಾಡಿ, ಐಸಿನ ಮೇಲಿಟ್ಟು ಅರೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಪಿಬಿಎಸ್‌ನಲ್ಲಿ ಹತ್ತು ಪಟ್ಟು ತೆಳು ಮಾಡಿ ಹಾಕಿ. ಟ್ವೀನ್ ಹಾಕಿದ ಪಿಬಿಎಸ್‌ನಲ್ಲಿ ಐದು ಸಲ ತೊಳೆಯದೆ ಅಳೆಯಬೇಡಿ.

ಹಿಂದಿನ ತೋಟದ ಅಣ್ಣ ಕೊಟ್ಟ ಆ ಎಲೆಯನ್ನು ಹೀಗೆಯೇ ಹಾಕಿ ನೋಡಿದೆವು. ಬಿಂದು ಸರಿಯಿತು. ಗೆರೆಯೇ ಇಲ್ಲದ ಒಂದು ಬುಡದ ಎಲೆಯನ್ನೂ ಹಾಕಿದೆವು, ಅದರಲ್ಲೂ ಸರಿಯಿತು, ಮೊದಲಿನದರ ಮೂರರಲ್ಲೊಂದರಷ್ಟು. ಆ ಬುಡಕ್ಕೆ ರೋಗ ಒಳಗೇ ಇದೆಯೋ, ರಸದ ಅಂಟೋ? ನಾಲ್ಕನೆಯ ಚಿಪ್ಪಿನ ಮೇಲೆ ಅದೇ ರಸ ಹಾಕಿದಾಗ ಸರಿದದ್ದೂ ಅಷ್ಟೇ. ಹಾಗಾಗಿ ಅದು ರಸದ ಅಂಟು. ಈಗ ಪ್ರತಿ ಎಲೆಯನ್ನೂ ಎರಡು ಚಿಪ್ಪಿನ ಮೇಲೆ ಓಡಿಸಿ, ನಾಲ್ಕನೆಯದರ ಸರಿತವನ್ನು ಮೊದಲನೆಯದರಿಂದ ಕಳೆದು ಬರೆಯುತ್ತಿದ್ದೇವೆ. ಬಳಸಿದ ಡಿಎಂಎಫ್ ಸಿಂಕಿಗೆ ಹೋಗುವುದಿಲ್ಲ, ಹೆಸರು ಬರೆದ ಗಾಜಿನ ಕ್ಯಾನಿನಲ್ಲಿ ನಿಲ್ಲುತ್ತದೆ. ಕಾಲೇಜಿನ ಹಿಂದಿನ ಚರಂಡಿ ನೇರ ಗದ್ದೆಗೆ ಇಳಿಯುತ್ತದೆ.